ಕೊನೆಯ ಮೂವತ್ತು ಅಡಿ

ತೊರೆಕಾಡನಹಳ್ಳಿಯಿಂದ ಹೊರಡುವ ಕಾವೇರಿ ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ದಮ್ಮು ತೆಗೆದುಕೊಂಡು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರು ಸೇರುತ್ತಾಳೆ. 1974ರಿಂದಲೂ ಆಕೆಗೆ ದಿನಾ ಇದೇ ಬೆಟ್ಟ ಹತ್ತುವ ಕೆಲಸ. ಅಂಥ ಗಟ್ಟಿಗಿತ್ತಿ ಹನುಮಂತನಗರದ ನಮ್ಮ ಬೀದಿಯ ಏರಿನ ಬುಡಕ್ಕೆ ಬಂದವಳೇ ಸೊಂಟ ಹಿಡಿದುಕೊಂಡು ನಿಂತುಬಿಡುತ್ತಾಳೆ. ಇನ್ನು ಹತ್ತಬೇಕಾದದ್ದು 30 ಅಡಿ.

ನಮ್ಮ ಬಡಾವಣೆಗೆ ಎರಡು ಗುಡ್ಡ. ಒಂದರ ಮೇಲೆ ರಾಮಾಂಜನೇಯ, ಇನ್ನೊಂದರ ಮೇಲೆ ಕುಮಾರಸ್ವಾಮಿ. ನಡುವಿನ ಏರು ಇಳಿಜಾರುಗಳಲ್ಲಿ ನಾವು. ದೇವರಿಗೆ ಎತ್ತರ ಇಷ್ಟ, ನೀರಿಗೆ ತಗ್ಗು ಇಷ್ಟ, ಸೈಟು ಮಾರುವವರಿಗೆ ಎರಡೂ ಇಷ್ಟ. ಸಂಜೀವಿನಿಗಾಗಿ ಪರ್ವತವನ್ನೇ ಹೊತ್ತು ತಂದವನ ಹೆಸರಿಟ್ಟುಕೊಂಡ ಊರಿನಲ್ಲಿ ಒಂದು ಬಿಂದಿಗೆ ನೀರು ಏರು ಹತ್ತುವುದಿಲ್ಲವೆಂದರೆ ಸ್ವಾಮಿಗೇ ಅವಮಾನ. ಹೀಗೆಂದು ನಮ್ಮ ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಸಭೆಯಲ್ಲಿ ಭಾಷಣವಾಯಿತು, ಬೋಂಡ ಬಂತು, ಅರ್ಜಿ ಕೊಡುವುದೆಂದು ಠರಾವಾಯಿತು. ಬೋಂಡ ತಿಂದವರಲ್ಲಿ ಬರೆಯುವ ಚಟ ಇದ್ದವನು ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಕೊರಳಿಗೆ ಬಿತ್ತು.

ಯಾರಿಗೆ ಬರೆಯುವುದು ಎಂಬುದೇ ಮೊದಲ ತೊಡಕು. 2007ರಲ್ಲಿ ‘ಬೃಹತ್’ ಆದ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದು ಹೋಳಾಗಿದೆ. ನೀರಿನವರು ಬೇರೆ, ಕರೆಂಟಿನವರು ಬೇರೆ, ಕಸದವರು ಬೇರೆ, ರಸ್ತೆಗೆ ಟಾರು ಹಾಕುವವರು ಬೇರೆ. ಹಾಕಿದ ಟಾರನ್ನು ಮಾರನೇ ವಾರ ಅಗೆಯುವವರು ಯಾರೆಂಬುದು ಬ್ರಹ್ಮನಿಗೂ ತಿಳಿಯದು. “ಸಂಬಂಧಪಟ್ಟವರಿಗೆ ಅಂತ ಹಾಕಿ ಸಾರ್. ಯಾರಿಗೆ ಸಂಬಂಧ ಅಂತ ಅವರವರೇ ಮಾತಾಡ್ಕೊಳ್ತಾರೆ” ಎಂದರು ಸಂಘದ ಅಧ್ಯಕ್ಷರು.

ಅರ್ಜಿಗೆ ನಾನು ಚರಿತ್ರೆಯ ಒಗ್ಗರಣೆ ಕೊಟ್ಟೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತರಿಸಿಕೊಂಡ ಊರಿದು. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಬೆಳಗಿಸಿಕೊಂಡ ಊರಿದು ಎಂದೆಲ್ಲ ಬರೆದು, ಕೊನೆಯಲ್ಲಿ ಮೂರು ಬೇಡಿಕೆ ಇಟ್ಟೆ. ಒಂದು: ಏರಿನ ತುದಿಯವರೆಗೆ ಎಲ್ಲ ಮನೆಗಳಿಗೂ ಸಮನಾಗಿ ನೀರು ಬಿಡಬೇಕು. ಎರಡು: ಸಂಜೆಯಾದರೆ ಮಿಣಮಿಣ ಎನ್ನುವ ಕರೆಂಟಿಗೆ ಕಾರಣವೇನೆಂದು ಮನೆಮನೆಗೆ ಬಂದು ತಪಾಸಣೆ ಮಾಡಬೇಕು. ಮೂರು: ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕಸ ಸುರಿಯುವವರನ್ನು ಹಿಡಿಯಲು ಕ್ಯಾಮೆರಾ ಹಾಕಬೇಕು. ಓದಿಕೊಂಡಾಗ ನನಗೇ ರೋಮಾಂಚನವಾಯಿತು. ಇನ್ನು ಸಹಿ ಒಂದೇ ಬಾಕಿ.

ಶುಭಕಾರ್ಯ ಅಧ್ಯಕ್ಷರ ಮನೆಯಿಂದಲೇ ಶುರುವಾಗಲೆಂದು ಏರಿನ ಬುಡಕ್ಕೆ ಇಳಿದೆ. ಅವರದು ಸ್ವಂತದ ಥರ್ಟಿ-ಫಾರ್ಟಿ ಮನೆ. ಅಂಗಳದ ಅಡಿ ಅಂಗಳದಷ್ಟೇ ದೊಡ್ಡ ಸಂಪು. ನೀರು ಬಿಟ್ಟ ದಿನ ಬೀದಿಯ ಕಾವೇರಿಯೆಲ್ಲ ಮೊದಲು ಅಲ್ಲಿ ತಂಗುತ್ತಾಳೆ. ಸಂಪು ತುಂಬಿ, ಸಿಂಟೆಕ್ಸ್ ತುಂಬಿ, ಹಂಡೆ ತುಂಬಿ, ತುಳಸಿಕಟ್ಟೆ ತೊಳೆದು, ಮನಸ್ಸಿದ್ದರೆ ಮುಂದಕ್ಕೆ ಹೊರಡುತ್ತಾಳೆ. ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು.

“ಬೊಂಬಾಟಾಗಿದೆ ಸಾರ್. ಈ ‘ಸಮನಾಗಿ’ ಅನ್ನೋದೊಂದು ತೆಗೆದುಬಿಡಿ.”

“ಯಾಕೆ ಸಾರ್? ಅದೇ ಅಲ್ವಾ ವಿಷಯ?”

“ಅಲ್ಲ, ಎಲ್ಲರಿಗೂ ಸಮ ಅಂದ್ರೆ ನಮಗೆ ಕಮ್ಮಿ ಅಂತ ತಾನೇ ಅರ್ಥ?”

ನಲವತ್ತು ವರ್ಷ ಸಮಾಜವಾದದ ಪುಸ್ತಕ ಓದಿದರೂ ನನಗೆ ಇಷ್ಟು ಸ್ಪಷ್ಟವಾಗಿ ಅರ್ಥವಾಗಿರಲಿಲ್ಲ. 2024ರ ಮಾರ್ಚ್‌ನ ಬರಗಾಲ ನೆನಪಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದ ದಿನಗಳವು. ಒಂದೂಕಾಲು ಕೋಟಿಗೂ ಮಿಕ್ಕಿದ ಊರಿನಲ್ಲಿ ಮೊದಲಿಗೆ 22 ಮನೆಗಳು ಸಿಕ್ಕಿಬಿದ್ದು 1.1 ಲಕ್ಷ ದಂಡ ಕಟ್ಟಿದ್ದು ಪತ್ರಿಕೆಯಲ್ಲಿ ಬಂದಿತ್ತು. ಅಧ್ಯಕ್ಷರ ಕಾರು ಮಾತ್ರ ಆಗಲೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತಲ್ಲ ಎಂದೆ. “ಆ 22 ಜನ ಸೂರ್ಯ ಹುಟ್ಟಿದ ಮೇಲೆ ತೊಳೆದವರು ಸಾರ್. ನಾವು ಬ್ರಾಹ್ಮೀ ಮುಹೂರ್ತದವರು” ಎಂದರು. ‘ಸಮನಾಗಿ’ ಹೊಡೆದುಹಾಕಿದೆ. ಸಹಿ ಕೇಳಿದೆ. ಅಧ್ಯಕ್ಷರ ಸಹಿ ಯಾವಾಗಲೂ ಕೊನೆಗೆ ಇರಬೇಕಂತೆ, ಅದು ಸಂಪ್ರದಾಯವಂತೆ.

ಎರಡನೆಯದು ಬಾಡಿಗೆ ಮನೆಗಳ ಓನರ್ ಮನೆ. ಅದೂ ಥರ್ಟಿ-ಫಾರ್ಟಿಯೇ, ಆದರೆ ಮೇಲ್ಮುಖವಾಗಿ ಬೆಳೆದದ್ದು. ನೆಲ ಅಂತಸ್ತಿನಲ್ಲಿ ಓನರ್, ಅದರ ಮೇಲೆ ಎರಡು ಅಂತಸ್ತು ಬಾಡಿಗೆಯವರು, ಅದರ ಮೇಲೆ ನಕ್ಷೆಯಲ್ಲಿ ಇಲ್ಲದ, ಆದರೆ ಕಣ್ಣಿಗೆ ಕಾಣುವ ಒಂದು ಶೀಟಿನ ಮನೆ. ಮೆಟ್ಟಿಲ ಕೆಳಗೆ ಸಾಲಾಗಿ ನಾಲ್ಕು ಮೀಟರು. ಮೊದಲು ಎರಡೇ ಇದ್ದವು. 2023ರಲ್ಲಿ ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಬಿಲ್ಲಿಲ್ಲ ಎಂದಮೇಲೆ ಓನರಿಗೂ ಮಗನಿಗೂ ಒಂದೇ ಅಡುಗೆಮನೆ ಉಳಿಯಿತು, ಮೀಟರು ಮಾತ್ರ ಪಾಲಾಯಿತು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ ತಿಂಗಳ ಕೊನೆಯಲ್ಲಿ ಅವರ ಮನೆಯಲ್ಲಿ ಒಂದು ವ್ರತ ನಡೆಯುತ್ತದೆ. ಮಗ ಮೀಟರ್ ಓದಿ “ಅಪ್ಪಾ, ನೂರ ತೊಂಬತ್ತೆಂಟು!” ಎಂದು ಕೂಗುತ್ತಾನೆ. ತಕ್ಷಣ ಟೀವಿ, ಫ್ಯಾನು, ಫ್ರಿಜ್ಜು ಎಲ್ಲ ಮೌನ. ಎರಡು ದಿನ ಇಡೀ ಸಂಸಾರ ಕತ್ತಲಲ್ಲಿ ಕೂತು ಪರಸ್ಪರ ಮಾತಾಡುತ್ತದೆ. ಸರ್ಕಾರದ ಯೋಜನೆಯೊಂದು ಕುಟುಂಬವನ್ನು ಹೀಗೆ ಒಗ್ಗೂಡಿಸಿದ್ದು ಇದೇ ಮೊದಲಿರಬೇಕು.

ಓನರ್ ಎರಡನೇ ಬೇಡಿಕೆಯ ಮೇಲೆ ಬೆರಳಿಟ್ಟರು. “ಮನೆಮನೆಗೆ ಬಂದು ತಪಾಸಣೆ ಅಂತ ಯಾಕೆ ಬರೆದ್ರಿ ಸಾರ್? ಲೋಡು ನೋಡ್ತಾರೆ. ಮೂರು ಕಿಲೋವಾಟ್ ಅಂತ ಬರೆಸಿದೀನಿ, ಮೇಲೆ ನಾಲ್ಕು ಗೀಸರ್ ಇದೆ. ಲೋಡು ನೋಡಿದೋರು ತಲೆ ಎತ್ತಿ ಮೇಲಿನ ಶೀಟ್ ಮನೇನೂ ನೋಡ್ತಾರೆ.” ಒ.ಸಿ. (ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಕೂಡದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂದಿನಿಂದ ಅವರಿಗೆ ರಾತ್ರಿ ನಿದ್ದೆ ಅಷ್ಟಕ್ಕಷ್ಟೆ. ಕರೆಂಟು ಮಿಣಮಿಣ ಎನ್ನಲು ಕಾರಣ ಹುಡುಕಿಕೊಂಡು ಹೋದವನು ಕಾರಣದ ಎದುರೇ ಕೂತು ಕಾಫಿ ಕುಡಿಯುತ್ತಿದ್ದೆ. ಎರಡನೇ ಬೇಡಿಕೆ ಹೋಯಿತು. ಸಹಿ? “ಬಾಡಿಗೆಯೋರ ಹತ್ರ ಹಾಕಿಸಿಕೊಳ್ಳಿ ಸಾರ್, ಕಷ್ಟ ಅವರದೇ ಅಲ್ವಾ?” ಬಾಡಿಗೆಯವರ ಹತ್ತಿರ ಹೋದೆ. “ಓನರ್ ಹಾಕಿದಾರಾ ಅಂಕಲ್?” ಎಂದರು.

ಮೂರನೆಯದು ಪಿ.ಜಿ. ಇಂಜಿನಿಯರಿಂಗ್ ಕಾಲೇಜು ಹತ್ತಿರವಿದ್ದಲ್ಲಿ ಹಳೇ ಮನೆಗಳಿಗೆ ಎರಡೇ ಗತಿ: ಒಂದೋ ಪಾರ್ಟಿಷನ್ ಸೂಟು, ಇಲ್ಲವೇ ಪಾರ್ಟಿಷನ್ ಗೋಡೆ. ಇದು ಎರಡನೆಯದು. ಹಿಂದೆ ನಡುಮನೆ ಇದ್ದ ಜಾಗದಲ್ಲಿ ಈಗ ಪ್ಲೈವುಡ್ಡಿನ ಮೂರು ಕೋಣೆ, ದೇವರಮನೆಯಲ್ಲಿ ಒಬ್ಬ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಬಾಗಿಲಲ್ಲಿ ‘ಬಿಸಿನೀರು ಬೆಳಿಗ್ಗೆ 6ರಿಂದ 7’ ಎಂಬ ಬೋರ್ಡು. ಬಿಸಿಯ ಮಾತು ಹಾಗಿರಲಿ, ನೀರೇ ಲಾರಿಯಲ್ಲಿ ಬರಬೇಕು.

ಈ ಲಾರಿಯ ಲೆಕ್ಕ ಸ್ವಲ್ಪ ಕೇಳಿ. 2024ರ ಮಾರ್ಚ್‌ನಲ್ಲಿ ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಆಗ ನಲ್ಲಿ ನೀರಿನ ದರ ಮೊದಲ ಹಂತದಲ್ಲಿ ಸಾವಿರ ಲೀಟರಿಗೆ 7 ರೂಪಾಯಿ. ಅಂದರೆ ಅದೇ 6,000 ಲೀಟರ್ ಪೈಪಿನಲ್ಲಿ ಬಂದರೆ 42 ರೂಪಾಯಿ, ಚಕ್ರದ ಮೇಲೆ ಬಂದರೆ 600. 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ಪೈಪಿನ ನೀರಿಗೆ ಲೀಟರಿಗೆ ಪೈಸೆಯ ಲೆಕ್ಕದಲ್ಲಿ ದರ ಏರಿದಾಗ ನಮ್ಮ ಬೀದಿಯಲ್ಲಿ ಎಷ್ಟು ಕೂಗಾಟ! ಲಾರಿಯ ಹಿಂದೆ ಮಾತ್ರ ನಾವು ತೆಪ್ಪಗೆ ದುಡ್ಡು ಹಿಡಿದು ಓಡುತ್ತೇವೆ.

ಪಿ.ಜಿ. ಮಾಲೀಕರು ಒಂದನೇ ಬೇಡಿಕೆ ನೋಡಿ ಮುಖ ಸಣ್ಣದು ಮಾಡಿಕೊಂಡರು. “ಏರಿನ ತುದಿಯವರೆಗೆ ನೀರು ಬಂದುಬಿಟ್ರೆ ನಮ್ಮ ಭಾವಮೈದ ಏನು ಮಾಡಬೇಕು ಸಾರ್?” ಭಾವಮೈದನಿಗೆ ಎರಡು ಟ್ಯಾಂಕರ್. “ಬ್ಯಾಂಕ್ ಲೋನಿದೆ ಪಾಪ.” ಮೂವತ್ತು ಹುಡುಗರು ಬಕೆಟ್ ಹಿಡಿದು ಕಾಯುತ್ತಿದ್ದರೂ ಆ ಮನೆಯಲ್ಲಿ ಪಾಪ ಎನಿಸಿಕೊಂಡವನು ಭಾವಮೈದ. ‘ಏರಿನ ತುದಿಯವರೆಗೆ’ ಎಂಬುದನ್ನು ಹೊಡೆದುಹಾಕಿದೆ. ಈಗ ಉಳಿದದ್ದು: ‘ಎಲ್ಲ ಮನೆಗಳಿಗೂ ನೀರು ಬಿಡಬೇಕು.’ ಬಿಡುತ್ತಿದ್ದಾರಲ್ಲ!

ನಾಲ್ಕನೆಯದು ಅಪಾರ್ಟ್‌ಮೆಂಟು. ಹತ್ತು ವರ್ಷದ ಹಿಂದೆ ಅಲ್ಲಿ ಸಿಕ್ಸ್ಟಿ-ಫಾರ್ಟಿಯ ಹಂಚಿನ ಮನೆಯಿತ್ತು, ಹಿತ್ತಲಲ್ಲಿ ಬಾವಿಯಿತ್ತು, ಹಲಸಿನ ಮರವಿತ್ತು. ಈಗ ಅದರ ಬದಲು ಎಂಟು ಫ್ಲ್ಯಾಟು, ಒಂಬತ್ತು ಕಾರು, ಒಂದು ವಾಟ್ಸ್ಆ್ಯಪ್ ಗುಂಪು ಇವೆ. ಬಾವಿಯಿದ್ದ ಜಾಗದಲ್ಲಿ ಲಿಫ್ಟ್ ಇಳಿಯುತ್ತದೆ. ಜನರೇಟರ್ ಅವರದೇ, ಬೋರ್‌ವೆಲ್ ಅವರದೇ, ನೀರು ಶುದ್ಧಿ ಮಾಡುವ ಯಂತ್ರ ಅವರದೇ, ಕಾವಲುಗಾರನೂ ಅವನ ಸೀಟಿಯೂ ಅವರದೇ. ಹಳೇ ಮೈಸೂರಿನ ಪಾಳೆಯಗಾರರಿಗೂ ಇಷ್ಟು ಸ್ವಾತಂತ್ರ್ಯ ಇರಲಿಲ್ಲ. ಊರಿನ ಜೊತೆ ಅವರಿಗೆ ಉಳಿದಿರುವ ನಂಟು ಒಂದೇ, ಚರಂಡಿ.

ಅಲ್ಲಿನ ಕಾರ್ಯದರ್ಶಿ ಚುರುಕಿನ ಹುಡುಗ. ತಾರಸಿಯಿಂದ ಕೆಳಗಿಳಿದ ನೀಲಿ ಪೈಪನ್ನು ಹೆಮ್ಮೆಯಿಂದ ತೋರಿಸಿ “ರೇನ್ ವಾಟರ್ ಹಾರ್ವೆಸ್ಟಿಂಗ್ ಅಂಕಲ್” ಎಂದ. ಪೈಪಿನ ಹಿಂದೆಯೇ ಹೋದೆ. ಅದು ನೇರ ಹೋಗಿ ಮೋರಿಗೆ ಸೇರಿತ್ತು. ಮಳೆ ಕೊಯ್ಲಿನ ಕಾನೂನು ಬಂದದ್ದು 2009ರಲ್ಲಿ. ಮಾಡದವರಿಗೆ ನೀರಿನ ಬಿಲ್ಲಿನಲ್ಲೇ ದಂಡ. ಲೆಕ್ಕ ಹಾಕಿ ನೋಡಿ ದಂಡ ಕಟ್ಟುವುದೇ ಸುಲಭವೆಂದುಕೊಂಡವರು ಎಷ್ಟೋ ಮಂದಿ. ಇವರು ಅದನ್ನೂ ಉಳಿಸಲು ಪೈಪಿಗೆ ಬಣ್ಣ ಹೊಡೆಸಿದ್ದರು. ನಾನು ಬೋಧನೆಗಿಳಿದೆ. ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಆಡಳಿತದ ವರ್ಜಿನ್ ದ್ವೀಪಗಳಿವೆ. ಹೇಳಿಕೊಳ್ಳುವಂಥ ಒಂದು ನದಿಯೂ ಅಲ್ಲಿಲ್ಲ. ಮನೆ ಕಟ್ಟುವವರು ಸೂರಿನ ನೀರು ಹಿಡಿಯಲು ತೊಟ್ಟಿ ಕಟ್ಟಲೇಬೇಕೆಂದು ಕಾನೂನಿದೆ. ಅದೇ ನೀರಿನಲ್ಲಿ ಸಂಸಾರ ಮಾಡುತ್ತಾರೆ ಎಂದೆ. ನಿಮ್ಮ ಸೈಟಿನ ಮೇಲೂ ವರ್ಷಕ್ಕೆ ಸುಮಾರು ಎರಡು ಲಕ್ಷ ಲೀಟರ್ ಮಳೆ ಬೀಳುತ್ತದೆ, ಪುಕ್ಕಟೆ ಎಂದೆ. ಪಕ್ಕದ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಇಂಗುಬಾವಿ ತೋಡಿಸಿದ ಮೇಲೆ ಸತ್ತ ಬಾವಿಗಳಲ್ಲೂ ನೀರು ಕಂಡಿತಲ್ಲಪ್ಪ ಎಂದೆ.

“ಫ್ರೀ ಅಂದ್ರೆ ಕ್ವಾಲಿಟಿ ಇರಲ್ಲ ಅಂಕಲ್” ಎಂದ ಹುಡುಗ.

ಹಾಗಾದರೆ ಆ ಪುಕ್ಕಟೆ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯಿರುವ ವೃಷಭಾವತಿಗೆ. ಕೈಯಳತೆಯಲ್ಲಿ ಹುಟ್ಟಿದ ನದಿಯನ್ನು ಮೋರಿ ಮಾಡಿಕೊಂಡು, 100 ಕಿಲೋಮೀಟರ್ ಆಚೆಯ ನದಿಯನ್ನು ಕುಡಿಯುವ ಜಾಣರು ನಾವು. ವೃಷಭಾವತಿ ನಮ್ಮ ಬಚ್ಚಲು, ಕಕ್ಕಸುಗಳನ್ನೆಲ್ಲ ಹೊತ್ತುಕೊಂಡು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನಾವು ನೀರೆತ್ತುವ ಜಾಗ ಮೇಲಿದೆ, ಸಂಗಮ ಕೆಳಗಿದೆ, ಆದ್ದರಿಂದ ಚಿಂತೆಯಿಲ್ಲ. ತಮಿಳುನಾಡಿಗೆ ಒಂದು ಹನಿಯೂ ಬಿಡೆವೆಂದು ಬಂದ್ ಮಾಡಿ, ಮನೆಗೆ ಬಂದು ಫ್ಲಶ್ ಎಳೆಯುತ್ತೇವೆ.

ಕಾರ್ಯದರ್ಶಿ ಅರ್ಜಿಯ ಫೋಟೋ ತೆಗೆದು ಗುಂಪಿಗೆ ಹಾಕಿದ. ಐದು ನಿಮಿಷದಲ್ಲಿ ಹದಿನಾಲ್ಕು ಜನ ಹೆಬ್ಬೆಟ್ಟು ಒತ್ತಿದರು. “ಸಹಿ?” ಎಂದೆ. “ಅದೇ ಅಂಕಲ್ ಸಹಿ” ಎಂದ. ನಮ್ಮ ಅಜ್ಜನ ಕಾಲದಲ್ಲಿ ಅಕ್ಷರ ಬಾರದವರು ಒತ್ತುತ್ತಿದ್ದರು. ಈಗ ಎರಡೆರಡು ಡಿಗ್ರಿ ಬೇಕು.

ಐದನೆಯದು ಏರಿನ ತುದಿಯ ಮನೆ. ಅರ್ಜಿ ಹುಟ್ಟಿದ್ದೇ ಅವರಿಗಾಗಿ. ನಿವೃತ್ತ ಮೇಷ್ಟ್ರು. ಸಭೆಯಲ್ಲಿ ಖಾಲಿ ಬಿಂದಿಗೆ ತಂದು ಮೇಜಿನ ಮೇಲೆ ಕುಕ್ಕಿ ಕಣ್ಣೀರಿಟ್ಟವರು. ಇವರಾದರೂ ಎರಡು ಸಹಿ ಹಾಕುತ್ತಾರೆಂದು ಏದುಸಿರು ಬಿಡುತ್ತ ಹತ್ತಿದೆ. ಮೇಷ್ಟ್ರು ಬಾಗಿಲು ಅರ್ಧ ತೆರೆದರು. ಒಳಗೆ ಎಲ್ಲೋ ಸಂಪಿಗೆ ನೀರು ಧೋ ಎಂದು ಬೀಳುತ್ತಿತ್ತು.

“ಮೇಷ್ಟ್ರೇ, ನೀರು!”

“ಮೆತ್ತಗೆ ಮಾತಾಡಿ” ಎಂದು ನನ್ನನ್ನು ಒಳಗೆಳೆದುಕೊಂಡರು. ವಾಲ್ವು ತಿರುಗಿಸುವ ಹುಡುಗನಿಗೆ ಮೇಷ್ಟ್ರು ಯುಗಾದಿಗೆ ಒಂದು ಜೊತೆ ಪಂಚೆ, ಅವನ ಮಗಳಿಗೆ ಪುಕ್ಕಟೆ ಗಣಿತ ಪಾಠ ಗೊತ್ತುಮಾಡಿದ್ದರು. ಹುಡುಗ ವಾಲ್ವನ್ನು ಇನ್ನೂ ಮೂರು ಸುತ್ತು ಹೆಚ್ಚು ತಿರುಗಿಸುತ್ತಿದ್ದ. ದಿನಕ್ಕೆ 775 ದಶಲಕ್ಷ ಲೀಟರ್‌ನ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ 110 ಹಳ್ಳಿಗಳತ್ತ ಹೊರಟಿತು. ನಮ್ಮ ಬೀದಿಯ ಆರನೇ ಹಂತ ಹೀಗೆ ಪಂಚೆಯಲ್ಲಿ ಮುಗಿದಿತ್ತು. “ಅರ್ಜಿ ಗಿರ್ಜಿ ಕೊಟ್ಟು ಆ ಹುಡುಗನ್ನ ಬೇರೆ ಕಡೆ ಹಾಕಿಬಿಟ್ರೆ? ನಮ್ಮ ಸಂಬಂಧ ಕೆಡುತ್ತೆ ಸಾರ್” ಎಂದರು ಮೇಷ್ಟ್ರು. ಒಂದನೇ ಬೇಡಿಕೆಯನ್ನು ಅದು ಹುಟ್ಟಿದ ಮನೆಯಲ್ಲೇ ಮಣ್ಣು ಮಾಡಿದೆ.

ಇನ್ನುಳಿದದ್ದು ಕಸದ ಕ್ಯಾಮೆರಾ. ಇದಕ್ಕೆ ಯಾರ ತಕರಾರೂ ಇರಲಾರದೆಂದು ಮನೆಗೆ ಬಂದು ನಮ್ಮಾಕೆಗೆ ತೋರಿಸಿದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಗೆ ನಾವು ಆಂಜನೇಯನ ಟೈಲ್ಸ್ ಅಂಟಿಸಿ ಆಗಿತ್ತು, ರಂಗೋಲಿ ಹಾಕಿಸಿ ಆಗಿತ್ತು. ಜನ ಕೈಮುಗಿದು, ಕವರ್ ಎಸೆದು, ಮತ್ತೆ ಕೈಮುಗಿದು ಹೋಗುತ್ತಿದ್ದರು. 2025ರ ಅಕ್ಟೋಬರ್ ಕೊನೆಗೆ ಸರ್ಕಾರವೇ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೆ ಕಸ ತಂದು ಸುರಿಯುವ ‘ಕಸ ಸುರಿಯುವ ಹಬ್ಬ’ ಆಚರಿಸಿತು. ಯುಗಾದಿ, ದೀಪಾವಳಿಗೆ ಬಾರದ ನೆಂಟರೂ ಬಾಗಿಲಿಗೆ ಬಂದು ನೋಡಿದ ಹಬ್ಬವದು.

ನಮ್ಮಾಕೆ ಓದಿ, ಕಾಗದ ಕೆಳಗಿಟ್ಟು, “ರೀ, ಮೊನ್ನೆ ಗಾಡಿ ತಪ್ಪಿಹೋಯ್ತು ಅಂತ ರಾತ್ರಿ ಹನ್ನೊಂದಕ್ಕೆ ಹೆಲ್ಮೆಟ್ ಹಾಕ್ಕೊಂಡು ಕವರ್ ಹಿಡ್ಕೊಂಡು ನಡೆದುಕೊಂಡು ಹೋದವರು ಯಾರು?” ಎಂದಳು.

“ಅದು... ಒಂದೇ ಸಲ.”

“ಕ್ಯಾಮೆರಾಕ್ಕೆ ಒಂದು ಸಲ ಸಾಕು. ಆಮೇಲೆ ಟೀವಿಯಲ್ಲಿ ದಿನಕ್ಕೆ ಹತ್ತು ಸಲ.”

ಮೂರನೇ ಬೇಡಿಕೆಯೂ ಹೋಯಿತು. ಅದನ್ನು ಮಾತ್ರ ನಾನು ಸ್ವಂತ ಕೈಯಿಂದ, ಸ್ವಂತ ಇಚ್ಛೆಯಿಂದ, ಗಾಢವಾಗಿ ಹೊಡೆದುಹಾಕಿದೆ.

ಅರ್ಜಿಯಲ್ಲಿ ಈಗ ಉಳಿದದ್ದು ‘ಮಾನ್ಯರೇ’, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಶಿವನಸಮುದ್ರ, ಮತ್ತು ‘ವಂದನೆಗಳೊಂದಿಗೆ’. ಒಂದಾದರೂ ಸಹಿ ಬೇಡವೇ? ಮೇಷ್ಟ್ರ ಮನೆಯ ಹಿಂದೆ, ಸಂದಿಯೊಳಗೆ ಒಂದು ವಠಾರವಿದೆಯೆಂದು ನೆನಪಾಯಿತು. ಆರು ಮನೆ, ಒಂದು ನಲ್ಲಿ, ಎರಡು ಕಕ್ಕಸು. ಸಂಘದ ಸಭೆಗೆ ಅವರನ್ನು ಕರೆಯುವ ವಾಡಿಕೆ ಇಲ್ಲ; ಕುರ್ಚಿ ಸಾಲುವುದಿಲ್ಲವೆಂದು ಕಾರಣ. ನಲ್ಲಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲು ನಿಂತಿದ್ದವು. ಯಾರೂ ಕಾವಲಿಲ್ಲ, ಯಾವ ಕೊಡವೂ ಸಾಲು ತಪ್ಪಿರಲಿಲ್ಲ. ನಲ್ಲಿಯ ಕೆಳಗೆ ಗುಂಡಿ ತೋಡಿ ನಲ್ಲಿಯನ್ನೇ ಕೆಳಗಿಳಿಸಿದ್ದರು. ನೀರು ಮೇಲೆ ಹತ್ತದಿದ್ದರೆ ನಾವೇ ಕೆಳಗಿಳಿದು ಹಿಡಿಯೋಣವೆಂಬ ವಿನಯ.

ಗುಂಡಿಯ ಅಂಚಿನಲ್ಲಿ ಕೂತಿದ್ದ ಅಜ್ಜಿ ಅರ್ಜಿಯನ್ನು ತಿರುಗಿಸಿ ನೋಡಿದರು. ಲೋಡು, ಶೀಟಿನ ಮನೆ, ಟ್ಯಾಂಕರು, ನೀಲಿ ಪೈಪು ಯಾವುದೂ ಇಲ್ಲದವರು. ಹೊಡೆದುಹಾಕಲು ಅವರಿಗೆ ಏನೂ ಇರಲಿಲ್ಲ. ಕಸದ ತೊಂದರೆ ಇದೆಯೇ ಎಂದೆ. “ಕಸ ಆಗೋವಷ್ಟು ತರೋದೆಲ್ಲಪ್ಪಾ?” ಎಂದರು. ವಕ್ರವಾಗಿ, ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಕಾಗದ ಕೊಡುತ್ತ, “ಯಾವ ಪಾರ್ಟಿದು? ಎಷ್ಟು ಕೊಡ್ತೀರಿ?” ಎಂದು ಕೇಳಿದರು.

ಒಂದು ಸಹಿಯ, ಬೇಡಿಕೆಯಿಲ್ಲದ ಅರ್ಜಿಯನ್ನು ಒಯ್ದು ಸಂಬಂಧಪಟ್ಟ ಕಚೇರಿಯೊಂದರಲ್ಲಿ ಕೊಟ್ಟೆ. ಗುಮಾಸ್ತರು ಎರಡು ಸಲ ಓದಿದರು. ಮುಖ ಅರಳಿತು. “ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಒಳ್ಳೇ ಅರ್ಜಿ ನೋಡಿರಲಿಲ್ಲ ಸಾರ್. ಎಲ್ಲರೂ ಏನಾದರೊಂದು ಕೇಳ್ತಾರೆ” ಎಂದು ಎದ್ದುನಿಂತು ಸೀಲು ಒತ್ತಿದರು. ಸಂಜೆಯೊಳಗೆ ಮೊಬೈಲಿಗೆ ಸಂದೇಶ ಬಂತು: ತಮ್ಮ ಅರ್ಜಿ ವಿಲೇವಾರಿಯಾಗಿದೆ.

ಮಾರನೆಯ ದಿನ ನೀರು ಬಿಡುವ ಸರದಿ. ಬೆಳಗಿನ ಜಾವ ಹಾಲಿಗೆ ಹೋದವನಿಗೆ ಅಜ್ಜಿ ಖಾಲಿ ಕೊಡ ಹಿಡಿದು ಎದುರಾದರು.

“ಏನಾಯ್ತಪ್ಪಾ ಅರ್ಜಿ?”

“ವಿಲೇವಾರಿ ಆಯ್ತಂತೆ ಅಜ್ಜಿ.”

“ಹಂಗಂದ್ರೆ ಇವತ್ತು ನಮ್ಮ ನಲ್ಲೀಲಿ ಬರ್ತದಾ?”

ನಮ್ಮ ಮನೆ ಏರಿನ ನಡುವಿನಲ್ಲಿದೆ. ಅಜ್ಜಿಯ ನಲ್ಲಿಗೆ ಹೋಗುವ ಪೈಪು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಹೋದ ಬೇಸಿಗೆಯಲ್ಲಿ ಪ್ಲಂಬರನನ್ನು ಕರೆಸಿ, ಮೀಟರಿನ ಪಕ್ಕ ಯಾರ ಕಣ್ಣಿಗೂ ಬೀಳದ ಹಾಗೆ, ಲೈನಿಗೇ ಅರ್ಧ ಎಚ್‌ಪಿ ಮೋಟರ್ ಕೂರಿಸಿಕೊಂಡಿದ್ದೇನೆ. ಒಳ್ಳೇ ಮೋಟರು, ಸದ್ದೇ ಇಲ್ಲ.

ಗಡಿಯಾರ ನೋಡಿಕೊಂಡೆ. ಐದೂಕಾಲು. ಅಜ್ಜಿಗೆ ಏನೋ ಹೇಳಿ ಬಿರಬಿರನೆ ಮನೆ ಕಡೆ ಇಳಿದೆ. ಸ್ವಿಚ್ಚು ಹಾಕುವ ಹೊತ್ತಾಗಿತ್ತು.